‘ವ್ಯೂಯರ್’ಗೆ ವೀಕ್ಷಕವೋ, ದರ್ಶಕವೋ?

ಗಣಿತದ ಬರಹಗಳನ್ನು ಕಂಪ್ಯೂಟರಿನಲ್ಲಿ ಅಣಿಗೊಳಿಸಿ, ಪರದೆಯ ಮೇಲೆ ನೋಡಿ, ಮುದ್ರಿಸಿಕೊಳ್ಳುವ ಬಗೆಯನ್ನು ಕುರಿತು ಶಿಕ್ಷಕರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕಡತವನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶವಾದ ‘ವ್ಯೂಯರ್’ ಎಂಬಲ್ಲಿಗೆ ಬಂದು ಬರವಣಿಗೆ ನಿಂತಿದೆ. ‘ವೀಕ್ಷಕ’ ಎಂದು ಬರೆಯುವ ರೂಢಿಯಿದೆಯಾದರೂ ಟಿವಿ ವೀಕ್ಷಕರು, ಚುನಾವಣಾ ವೀಕ್ಷಕರು ಎಂದು ಕೇಳಿ ಪಳಗಿದ ಕಿವಿಗೆ ಆ ಪದ ನೋಡುವ ಮನುಷ್ಯನನ್ನೇ ಸೂಚಿಸುತ್ತದೆ. ಈ ತಂತ್ರಾಂಶದ ಕೆಲಸವಾದರೋ ತೋರಿಸುವುದು.

ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ಅವರ, ಗಣಿತದ ಬರಹಗಳನ್ನು ಅಚ್ಚಿಗೆ ಅಣಿಗೊಳಿಸುವ ಟೆಕ್ ವ್ಯವಸ್ಥೆಗಾಗಿ ಡೇವಿಡ್ ಫುಕ್ಸ್ 1979ರಲ್ಲಿ ರೂಪಿಸಿದ ಡಿವಿಐ (ಡಿವೈಸ್ ಇಂಡಿಪೆಂಡೆಂಟ್) ಕಡತವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದರೊಳಗೆ ಅಕ್ಷರಗಳ ಆಕಾರವೇ ಇರುವುದಿಲ್ಲ. ಯಾವ ಅಕ್ಷರಶೈಲಿಯ ಎಷ್ಟನೆಯ ಅಕ್ಷರ ಪುಟದಲ್ಲಿ ಎಲ್ಲಿ ಕೂರಬೇಕೆಂಬ ಲೆಕ್ಕ ಮಾತ್ರ ಇರುತ್ತದೆ. ಆ ಲೆಕ್ಕದ ಮೂಲಮಾನ, ಅಕ್ಷರದ ಗಾತ್ರವನ್ನು ಅಳೆಯುವ ಮುದ್ರಣದ ಅಳತೆಯಾದ ಒಂದು ಪಾಯಿಂಟಿನ 65,536ನೆಯ ಒಂದು ಪಾಲು. ಆಕಾರಗಳನ್ನು ಬೇರೆಡೆಯಿಂದ ತಂದು, ಪರದೆಯ ಚುಕ್ಕೆಗಳಿಗೆ ಹೊಂದಿಸಿ ಪುಟವನ್ನು ಕಣ್ಣಿಗೆ ಕಾಣಿಸುವ ಹೊಣೆ ವ್ಯೂಯರಿನದು. ತಕ್ಕ ಅಕ್ಷರಶೈಲಿ ಸಿಗದೆ ಮತ್ತೊಂದು ಅದರ ಜಾಗಕ್ಕೆ ಬಂದರೆ ಏನಾಗುತ್ತದೆಂಬುದನ್ನು ಮುದ್ರಣವಾಗಿ ಬಂದ ಪ್ರಶ್ನೆಪತ್ರಿಕೆಯ ಕರಡೊಂದರಲ್ಲಿ ಕಂಡಿದ್ದೇನೆ: ದೊಡ್ಡ ಸಿಗ್ಮಾ ಇರಬೇಕಾದಲ್ಲಿ ಎಕ್ಸ್, ಅನುಕಲನದ ಚಿಹ್ನೆಯಿರಬೇಕಾದಲ್ಲಿ ಝಡ್, ವರ್ಗಮೂಲದ ಚಿಹ್ನೆಯ ಬದಲು ಪಿ. ಎರಡೂ ಶೈಲಿಗಳಲ್ಲಿ ಆಯಾ ಚಿಹ್ನೆ ಮತ್ತು ಅಕ್ಷರಗಳ ಕ್ರಮಸಂಖ್ಯೆ ಒಂದೇ ಆಗಿದ್ದುದೇ ಅದಕ್ಕೆ ಕಾರಣ.

ಹೀಗಾಗಿ ನನ್ನ ಒಲವು ‘ದರ್ಶಕ’ದ ಕಡೆಗೆ. ಸೂಕ್ಷ್ಮದರ್ಶಕ, ದೂರದರ್ಶಕ ಎರಡೂ ಶಾಲೆಯ ಮಕ್ಕಳೂ ಬಲ್ಲ ಉಪಕರಣಗಳ ಹೆಸರುಗಳು. ಮಾರ್ಗದರ್ಶಕ ಎಂಬಲ್ಲಿ ತೋರಿಸುವ ಅರ್ಥ ನಿಚ್ಚಳವಾಗಿದೆ. ‘ಕಡತದರ್ಶಕ’ ಎಂದರೆ ಈ ಎರಡೂ ಅರ್ಥಗಳು ಕೂಡಿಬರುತ್ತವೆ. ಹಿಂದಿಯಲ್ಲಿ ದರ್ಶಕ ಎಂದರೆ ಪ್ರೇಕ್ಷಕ ಎಂಬುದು ನಿಜ, ಆದರೆ ಕನ್ನಡದಲ್ಲಿ ಆ ಬಳಕೆ ಬೇರೂರಿಲ್ಲ. ಗೆಳೆಯರೊಬ್ಬರು ‘ತೋರುಗ’ ಎಂಬ ಅಚ್ಚಗನ್ನಡ ರೂಪವನ್ನು ಸೂಚಿಸಿದರು. ಪದವೇನೋ ಇಂಪಾಗಿದೆ, ಆದರೆ ಓದುಗ, ಕೇಳುಗ, ನೋಡುಗ ಇವರೆಲ್ಲರೂ ಮನುಷ್ಯರೇ ಆಗಿರುವುದರಿಂದ ವೀಕ್ಷಕನ ತೊಡಕು ಅಲ್ಲಿಯೂ ತಪ್ಪುವುದಿಲ್ಲ. ಮುದ್ರಣಕ್ಕೆ ಮುಂಚಿನ ನೋಟಕ್ಕೆ ‘ಮುನ್ನೋಟ’ ಒಪ್ಪುತ್ತದೆ, ಆದರೆ ಅದು ಕ್ರಿಯೆಯ ಹೆಸರಾದೀತೇ ಹೊರತು ತಂತ್ರಾಂಶದ ಹೆಸರಾಗದು.

ಇನ್ನು ಡಿವಿಐ ಎಂಬ ಹೆಸರಿನಲ್ಲೇ ಅಡಗಿರುವ, ಯಾವುದೇ ಸಾಧನವನ್ನು ನೆಚ್ಚಿಕೊಳ್ಳದ ಗುಣವನ್ನು ‘ಸಾಧನನಿರಪೇಕ್ಷ’ ಎನ್ನಬಹುದೇ? ಧರ್ಮನಿರಪೇಕ್ಷ ಎಂಬ ಸಮಾಸ ಬಳಕೆಯಲ್ಲಿರುವುದರಿಂದ ಅರ್ಥವಾದೀತೆಂಬ ನಂಬಿಕೆ ನನಗಿದೆ. ‘ಕಡತದರ್ಶಕ’ವನ್ನು ಯಾರಾದರೂ ಪಾಠದಲ್ಲಿಯೋ ಬರಹದಲ್ಲಿಯೋ ಈಗಾಗಲೇ ಬಳಸಿದ್ದರೆ, ಕೇಳಿದವರು ಅದನ್ನು ಹೇಗೆ ಅರ್ಥಮಾಡಿಕೊಂಡರೆಂಬುದನ್ನು ದಯವಿಟ್ಟು ತಿಳಿಸಬೇಕು.