ದಾವಣಗೆರೆಯಿಂದ ಲೇಹ್: ಹಳೇ ಕ್ಲಾಸಿಕ್ 350ಗೆ ಏನೇನು ಮಾಡಿಸಲಿ?

ಬೆಣ್ಣೆದೋಸೆ:
ನನ್ನದು 2016ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರ್ ಇರೋ ಗಾಡಿ. 41,000 ಕಿ.ಮೀ. ಓಡಿದೆ. ಜುಲೈ ಮೊದಲ ವಾರ ಹೈದರಾಬಾದ್, ನಾಗಪುರ, ದೆಹಲಿ, ಮನಾಲಿ ಮೇಲೆ ಲೇಹ್‌ಗೆ ಹೊರಟಿದ್ದೇವೆ. ಹಿಂದೆ ಹೆಂಡತಿ, ಎರಡು ಸೈಡ್ ಬ್ಯಾಗ್. ಹಿಂದಿನ ದಿನ ಫುಲ್ ಸರ್ವಿಸ್ ಮಾಡಿಸಿ ಚೈನ್ ಸೆಟ್ ಹಾಕಿಸಿದರೆ ಸಾಕಾ? ಲೈಟು, ಗಾರ್ಡು, ಪಂಚರ್ ಕಿಟ್ಟು ಅಂತ ಕಾರ್ಟ್‌ನಲ್ಲಿ 18 ಸಾವಿರದ ಸಾಮಾನು ಕೂತಿದೆ. ಹೆಂಡತಿ ಇನ್ನೂ ನೋಡಿಲ್ಲ.

ತುಂಗಾತೀರ:
ಹಿಂದಿನ ದಿನ ಮಾತ್ರ ಬೇಡ ಮಾರಾಯ್ರೆ! ನಾನು ಅದನ್ನೇ ಮಾಡಿ ಅನುಭವಿಸಿದವನು. ಸಂಜೆ ಹೊಸ ಚೈನ್ ಹಾಕಿಸಿದೆ, ಬೆಳಗಿನ ಜಾವ ಹೊರಟೆ. ಮೆಕ್ಯಾನಿಕ್ ಖಾಲಿ ಗಾಡಿಯಲ್ಲೇ ಚೈನನ್ನು ವೀಣೆ ತಂತಿ ಹಾಗೆ ಬಿಗಿದಿದ್ದ. ಲಗೇಜು ಹೇರಿ, ಹಿಂದೆ ತಮ್ಮ ಕೂತ ಮೇಲೆ ಶಾಕ್ ಅಬ್ಸಾರ್ಬರ್ ಕುಗ್ಗಿ ಚೈನ್ ಇನ್ನೂ ಬಿಗಿಯಾಯ್ತು. ಮೊದಲೇ ಹಳೇ ಬೇರಿಂಗ್. ಆದಿಲಾಬಾದ್ ದಾಟುವಷ್ಟರಲ್ಲಿ ಹಿಂಚಕ್ರದಲ್ಲಿ ಗರಗರ. ಒಂದು ಹಗಲು ಪೂರ್ತಿ ಲಾರಿ ಗ್ಯಾರೇಜ್ ಮುಂದೆ ಟೀ ಕುಡಿಯುತ್ತಾ ಕೂತೆವು. ಚೈನ್ ಬಿಗಿಸುವಾಗ ಗಾಡಿ ಮೇಲೆ ಇಬ್ಬರೂ ಕೂತು ನೋಡಿ, ಆಗಲೂ ಚೈನ್ ಸ್ವಲ್ಪ ಆಡಬೇಕು.

ಹದಿನೈದು ದಿನ ಮೊದಲೇ ಎಲ್ಲ ಮುಗಿಸಿ: ಚೈನ್, ಬೇರಿಂಗ್, ಮುಂದಿನ ಬ್ರೇಕ್ ಪ್ಯಾಡ್, ಹಿಂದಿನ ಬ್ರೇಕ್ ಶೂ, ಪ್ಲಗ್, 15ಡಬ್ಲ್ಯು50 ಎಂಜಿನ್ ಆಯಿಲ್. ಆಮೇಲೆ ಬ್ಯಾಗ್ ಸಮೇತ ಜೋಗಕ್ಕೆ ಹೋಗಿ ಬನ್ನಿ. ಸಡಿಲಾಗುವ ನಟ್ಟೆಲ್ಲ ಅಲ್ಲೇ ಸಡಿಲಾಗಲಿ. ಬ್ಯಾಗಿಗೆ ನೀರು ಎಲ್ಲಿಂದ ಇಳಿಯುತ್ತೆ ಅನ್ನೋದೂ ನಮ್ಮ ಮಳೆಯಲ್ಲೇ ಗೊತ್ತಾಗುತ್ತೆ.

ಪಂಚರ್ ಕಿಟ್ ಟ್ಯೂಬ್‌ಲೆಸ್‌ದಾದರೆ ದುಡ್ಡು ದಂಡ. ನಿಮ್ಮದು ಸ್ಪೋಕ್ಸ್ ಚಕ್ರ, ಟ್ಯೂಬ್ ಟೈರು. ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪ್ ಇಟ್ಟುಕೊಳ್ಳಿ. ಪರಿಚಯದ ಪಂಚರ್ ಅಂಗಡಿಗೆ ಹೋಗಿ ಹಿಂಚಕ್ರ ನೀವೇ ಒಂದು ಸಲ ಬಿಚ್ಚಿ ಹಾಕಿ. ಹೊಸ ಕ್ಲಚ್ ವೈರನ್ನು ಹಳೆಯದರ ಪಕ್ಕದಲ್ಲೇ ಎಳೆದು ಪ್ಲಾಸ್ಟಿಕ್ ಟ್ಯಾಗ್ ಕಟ್ಟಿಬಿಡಿ. ಹಳೆಯದು ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಆಯ್ತು. ಲೈಟು ಬಿಡಿ, ರಾತ್ರಿ ಓಡಿಸಲೇಬೇಡಿ.

ಹುಬ್ಬಳ್ಳಿಹುಡುಗ:
ಅಣ್ಣಾರ, ಮನಾಲಿ ದಾಟಿದ ಮ್ಯಾಲೆ ಲೇಹ್ ದಾರಿಯಾಗ ಸಿಗೂ ತಾಂಡಿ ಬಂಕಿನ್ಯಾಗ ಟ್ಯಾಂಕ್ ಫುಲ್ ಮಾಡ್ರಿ. ಮುಂದಿನ ಬಂಕ್ 365 ಕಿ.ಮೀ. ಅನ್ನೂ ಬೋರ್ಡ್ ಮುಂದ ಎಲ್ಲಾರೂ ಫೋಟೋ ತೆಗಸ್ಕೋತಾರ, ಕ್ಯಾನ್ ತುಂಬಸೂದು ಮರೀತಾರ. ನಿಮ್ಮ ಟ್ಯಾಂಕ್ 13.5 ಲೀಟರ್. ಇಬ್ಬರು, ಲಗೇಜು, ಘಾಟಿ, ಮೈಲೇಜ್ ಇಳೀತೈತಿ. 5 ಲೀಟರ್ ಜಾಸ್ತಿ ಇರ್ಲಿ. ಮ್ಯಾಲೆ ಗಾಳಿ ತೆಳು, ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚಾಗಿ ಗಾಡಿ ಮುಕ್ಕರಿತೈತಿ. ಅಂಜಬ್ಯಾಡ್ರಿ, ಏರ್ ಫಿಲ್ಟರ್ ಸ್ವಚ್ಛ ಇರ್ಲಿ, ಸಣ್ಣ ಗೇರಿನ್ಯಾಗ ಸಮಾಧಾನದಿಂದ ಹೋಗ್ರಿ. ನಮ್ಮ ಕಡೆ ಪ್ರೀಪೇಯ್ಡ್ ಸಿಮ್ ಲಡಾಖಿನ್ಯಾಗ ನಡಿಯಂಗಿಲ್ಲ, ಪೋಸ್ಟ್‌ಪೇಯ್ಡ್ ಮಾಡಸ್ರಿ.

ಬೆಣ್ಣೆದೋಸೆ:
ಲೈಟು, ಕಿಟ್ಟು ಕಾರ್ಟ್‌ನಿಂದ ತೆಗೆದೆ. ಭಾನುವಾರ ಪಂಚರ್ ಅಂಗಡಿಗೂ ಹೋಗಿದ್ದೆ. ಚಕ್ರ ಬಿಚ್ಚೋಕೆ ಇಪ್ಪತ್ತು ನಿಮಿಷ, ವಾಪಸ್ ಕೂರಿಸೋಕೆ ಒಂದೂಕಾಲು ಗಂಟೆ. ಎಲ್ಲ ಆದ ಮೇಲೆ ಕೈಯಲ್ಲಿ ಒಂದು ವಾಶರ್ ಉಳಿದಿದೆ. ತುಂಗಾತೀರ ಸರ್, ಇದು ಎಡಗಡೆದಾ, ಬಲಗಡೆದಾ?