ಅಮ್ಮನ ಜೊತೆ ಕಾನ್‌ಗೆ ಹೋಗುತ್ತಿದ್ದೇನೆ, ದ್ವೀಪ ನೋಡಲು ಒಂದು ದಿನ ಸಾಕಾ?

ಮಲ್ಪೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಫ್ರಾನ್ಸಿಗೆ ಹೋಗುತ್ತಿದ್ದೇನೆ. ನೀಸ್‌ನಲ್ಲಿ ತಮ್ಮನ ಮನೆ ಉಂಟು. ಅಲ್ಲಿಂದ ಕಾನ್‌ಗೆ ಎರಡು ದಿನ. ಅಮ್ಮನಿಗೆ 66 ವರ್ಷ, ಮೊಣಕಾಲು ನೋವು. ಮೀನು, ಮೊಟ್ಟೆ ಯಾವುದೂ ಆಗುವುದಿಲ್ಲ. ಟಿವಿಯಲ್ಲಿ ಸಿನಿಮಾ ಉತ್ಸವ ನೋಡಿದಾಗಿನಿಂದ ಆ ಊರಿನ ಕಡಲು ನೋಡಬೇಕು ಎನ್ನುತ್ತಿದ್ದಾರೆ. ಹುಟ್ಟಿದಾಗಿನಿಂದ ಮಲ್ಪೆ ಕಡಲು ನೋಡಿದವರಿಗೆ ಅಲ್ಲಿ ಏನು ತೋರಿಸಲಿ?

ಕದ್ರಿ ಅಕ್ಕ:
ಪೇಟೆಗೆ ಒಂದು ಸಂಜೆ ಸಾಕು ಮಾರಾಯ್ತಿ. ಇಡೀ ಒಂದು ದಿನ ದ್ವೀಪಕ್ಕೆ ಇಡು.

ನಾನು ಅತ್ತೆಯವರ ಜೊತೆ ಹೋಗಿ ಬಂದೆ, ಅವರಿಗೂ ಮಂಡಿ ನೋವು. ಕ್ರೊಯ್ಸೆಟ್ ಎಂಬ ಕಡಲ ಬದಿಯ ರಸ್ತೆ ಸಮತಟ್ಟು, ನಿಧಾನ ನಡೆಯಬಹುದು. ಮರಳಿನ ಮೇಲೆ ಹೆಚ್ಚಿನ ಜಾಗ ಹೋಟೆಲಿನವರದ್ದು, ಕುರ್ಚಿಗೆ ದುಡ್ಡು ಕೊಡಬೇಕು. ಉತ್ಸವ ನಡೆಯುವ ಕಟ್ಟಡಕ್ಕೆ 24 ಮೆಟ್ಟಿಲು. ಅದನ್ನು ಕೆಳಗಿನಿಂದಲೇ ನೋಡಿದರೆ ಸಾಕು. ಪಕ್ಕದಲ್ಲೇ ನೆಲದ ಮೇಲೆ ನಟ ನಟಿಯರ ಕೈಯಚ್ಚು ಉಂಟು. ಅತ್ತೆ ಒಂದೊಂದರ ಮೇಲೂ ತಮ್ಮ ಕೈ ಇಟ್ಟು ನೋಡಿದರು!

ದ್ವೀಪ ಎರಡು. ಅಮ್ಮನಿಗೆ ಸೇಂಟ್ ಒನೊರಾ ಒಳ್ಳೆಯದು. ಹಳೇ ಬಂದರಿನ ತುದಿಯ ದಕ್ಕೆಯಿಂದ ದೋಣಿ, ಸುಮಾರು 20 ನಿಮಿಷ. ಇಡೀ ದ್ವೀಪ ಒಂದೂವರೆ ಕಿಲೋಮೀಟರ್ ಉದ್ದ, ದಾರಿ ಸಪಾಟು. 5ನೇ ಶತಮಾನದಿಂದ ಅಲ್ಲಿ ಮಠ ಉಂಟು. ಈಗ ಇರುವ ಸನ್ಯಾಸಿಗಳು ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ದ್ರಾಕ್ಷಿ ಸಾಲಿನ ಮಧ್ಯೆ ನಡೆಯುವಾಗ ಮಠದ ಗಂಟೆ ಬಾರಿಸಿತು. ಅತ್ತೆ ಅಲ್ಲೇ ನಿಂತು ಕಣ್ಣು ಮುಚ್ಚಿ ಕೈ ಮುಗಿದರು. ನನಗೆ ಈಗಲೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ವಿಷಯ. ಅದೇ ದ್ವೀಪದಲ್ಲಿ ಕಡಲ ಬದಿಯ ಕೋಟೆಯಂಥ ಹಳೇ ಮಠದ ಹತ್ತಿರ ಬುತ್ತಿ ಬಿಚ್ಚಿ ಕೂತಿದ್ದೆವು. ಮೂರು ಗಂಟೆ ಕಳೆದರೂ ನೀರು ಅದೇ ಕಲ್ಲಿನ ಹತ್ತಿರವೇ ಇತ್ತು. "ಇಲ್ಲಿ ಕಡಲು ಇಳಿಯುವುದಿಲ್ವಾ?" ಎಂದು ಅತ್ತೆ ಕೇಳಿದರು. ನಿಜ, ಮೆಡಿಟರೇನಿಯನ್‌ನಲ್ಲಿ ಭರತ ಇಳಿತ ತೀರಾ ಕಡಿಮೆ. ನಿಮ್ಮ ಅಮ್ಮನಿಗೂ ಅದು ಮೊದಲು ಕಾಣುತ್ತದೆ, ನೋಡು.

ಕೊಡಿಯಾಲದವ:
ಅಕ್ಕ ಹೇಳಿದ್ದು ಸರಿ, ಆದರೆ ಇನ್ನೊಂದು ದ್ವೀಪ ಸೇಂಟ್ ಮಾರ್ಗರೀಟ್ ಬಿಡಬೇಡಿ. 15 ನಿಮಿಷದ ದಾರಿ. ಅಲ್ಲಿಯ ಕೋಟೆಯಲ್ಲಿ ಮುಖವಾಡ ಹಾಕಿಸಿದ್ದ ಒಬ್ಬ ಕೈದಿಯನ್ನು 1687ರಿಂದ 1698ರವರೆಗೆ ಇಟ್ಟಿದ್ದರು. ಅವನು ಯಾರೆಂದು ಇವತ್ತಿಗೂ ಖಚಿತವಿಲ್ಲ. ಕೋಣೆಯ ಗೋಡೆ ಎಷ್ಟು ದಪ್ಪ ಎಂದರೆ ಕಿಟಕಿಯೇ ಸುರಂಗದ ಹಾಗೆ ಕಾಣುತ್ತದೆ. ಒಂದರ ಹಿಂದೆ ಒಂದು ಕಬ್ಬಿಣದ ಸರಳು, ಅದರಾಚೆ ನೀಲಿ ಕಡಲು. ನಾನು ತುಂಬಾ ಹೊತ್ತು ಅಲ್ಲೇ ನಿಂತಿದ್ದೆ. ಕೋಟೆಗೆ ಏರು ದಾರಿ, ಅಮ್ಮನಿಗೆ ಕಷ್ಟ ಅಂದರೆ ಕೆಳಗೆ ಪೈನ್ ಮರದ ನೆರಳಿನಲ್ಲಿ ಕೂರಿಸಿ. ಎರಡೂ ದ್ವೀಪಕ್ಕೆ ದೋಣಿ ಬೇರೆ, ಟಿಕೆಟ್ ಬೇರೆ. ಹೊರಡುವ ಮೊದಲೇ ವಾಪಸ್ ಬರುವ ಕೊನೆಯ ದೋಣಿಯ ಹೊತ್ತು ಕೇಳಿಟ್ಟುಕೊಳ್ಳಿ.

ಉಡುಪಿ ಭಟ್ಟರ ಮಗಳು:
ಊಟದ ಬಗ್ಗೆ ಯಾರೂ ಹೇಳಿಲ್ಲ ಅಲ್ವಾ? ಪಿಸ್ಸಲಾದಿಯೇರ್ ಎಂದು ಈರುಳ್ಳಿ ಹರಡಿದ ರೊಟ್ಟಿ ಸಿಗುತ್ತದೆ. ನೋಡಲು ಸಸ್ಯಾಹಾರ, ಆದರೆ ಅದಕ್ಕೆ ಸಣ್ಣ ಮೀನು ಹಾಕಿರುತ್ತಾರೆ. ನೀಸ್ ಸಲಾಡ್‌ನಲ್ಲಿ ಮೊಟ್ಟೆ, ಮೀನು ಎರಡೂ ಇರುತ್ತದೆ. ಸೊಕ್ಕಾ ಕೇಳಿ ತಿನ್ನಿಸಿ. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ. ಬಿಸಿ ಬಿಸಿ ಕೊಟ್ಟರೆ ಅಮ್ಮ ದೋಸೆಯ ಹಾಗೆ ತಿನ್ನುತ್ತಾರೆ. ಕಾನ್‌ನಲ್ಲಿ ಫೋರ್ವಿಲ್ ಮಾರ್ಕೆಟ್‌ಗೆ ಬೆಳಿಗ್ಗೆ ಹೋಗಿ ಹಣ್ಣು ಕಟ್ಟಿಸಿಕೊಂಡು ದೋಣಿ ಹತ್ತಿ. ಸೋಮವಾರ ಬೇಡ, ಅವತ್ತು ಅಲ್ಲಿ ಹಳೇ ಸಾಮಾನಿನ ಸಂತೆ.

ಮಲ್ಪೆ ಹುಡುಗಿ:
ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಗಂಟೆಯ ವಿಷಯ ಕೇಳಿ ಸುಮ್ನೆ ಕೂತರು, ಆಮೇಲೆ "ಆ ಮಠಕ್ಕೇ ಮೊದಲು ಹೋಗುವ" ಎಂದರು. ನೀಸ್‌ನಿಂದ ರೈಲಿನಲ್ಲಿ ಯಾವ ಬದಿ ಕೂತರೆ ಕಡಲು ಕಾಣುತ್ತದೆ?

ಕದ್ರಿ ಅಕ್ಕ:
ಎಡಬದಿ. ಕಿಟಕಿ ಪಕ್ಕ ಅಮ್ಮನನ್ನೇ ಕೂರಿಸು.