ಸಹಾಯ ಬೇಕು: ನೌಕಾಪಡೆ ಪೈಲಟ್ ಬುಚ್ ಓಹೇರ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿಕಾಗೋದ ಓಹೇರ್ ಏರ್‌ಪೋರ್ಟ್ ನಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ, ಅಲ್ವಾ? ಆ ಹೆಸರು ಎಡ್ವರ್ಡ್ 'ಬುಚ್' ಓಹೇರ್ ಎಂಬ ಅಮೆರಿಕದ ನೌಕಾಪಡೆ ಪೈಲಟ್‌ನದು. ಅವನ ಬಗ್ಗೆ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ.

1942ರ ಫೆಬ್ರವರಿ 20. ಅಮೆರಿಕದ ವಿಮಾನವಾಹಕ ಹಡಗು ಲೆಕ್ಸಿಂಗ್ಟನ್ ಮೇಲೆ ದಾಳಿ ಮಾಡಲು ಜಪಾನಿನ ಬಾಂಬರ್‌ಗಳು ಬರುತ್ತಿದ್ದವು. ಜೊತೆಗಿದ್ದ ಪೈಲಟ್‌ನ ಗನ್ ಕೆಟ್ಟು ನಿಂತಿತು. ಓಹೇರ್ ಒಬ್ಬನೇ ತನ್ನ ವೈಲ್ಡ್‌ಕ್ಯಾಟ್ ವಿಮಾನದಲ್ಲಿ ಅವುಗಳ ಮೇಲೆ ಎರಗಿದ. ಗುಂಡುಗಳು ಇದ್ದದ್ದು ಅರ್ಧ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಹೊಡೆಯುವಷ್ಟು ಮಾತ್ರ! ಐದು ವಿಮಾನ ಉರುಳಿಸಿದ ಎಂದು ಆಗ ಲೆಕ್ಕ ಹಾಕಿದರು. ನಂತರದ ಸಂಶೋಧಕರು ಮೂರು ಎನ್ನುತ್ತಾರೆ. ನನಗಂತೂ ಸಂಖ್ಯೆಗಿಂತ ಆ ಧೈರ್ಯವೇ ದೊಡ್ಡದು. ಅಧ್ಯಕ್ಷ ರೂಸ್‌ವೆಲ್ಟ್ ಅವನಿಗೆ ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್ ಕೊಟ್ಟರು.

1943ರ ನವೆಂಬರ್ 26ರ ರಾತ್ರಿ, ಪೆಸಿಫಿಕ್ ಸಾಗರದ ಗಿಲ್ಬರ್ಟ್ ದ್ವೀಪಗಳ ಬಳಿ, ಎಂಟರ್‌ಪ್ರೈಸ್ ಹಡಗಿನಿಂದ ಹೊರಟವನು ಮರಳಲಿಲ್ಲ. ಇನ್ನೂ 29 ವರ್ಷ. ದೇಹವೂ ಸಿಗಲಿಲ್ಲ. ಇದನ್ನು ಬರೆಯುವಾಗ ಕೈ ನಿಂತುಬಿಡುತ್ತದೆ.

ಇಲ್ಲೇ ನನಗೆ ಸಹಾಯ ಬೇಕು. ಆ ರಾತ್ರಿ ಎರಡು ಹೆಲ್‌ಕ್ಯಾಟ್ ಯುದ್ಧವಿಮಾನಗಳ ಜೊತೆ ರಾಡಾರ್ ಇದ್ದ ಒಂದು ಅವೆಂಜರ್ ವಿಮಾನ ಹೋಗಿತ್ತು. ಕತ್ತಲಲ್ಲಿ ಅದು ದಾರಿ ತೋರಿಸುತ್ತಿದ್ದ ರೀತಿಯನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಬೇಕು. ನೌಕಾಪಡೆಯಲ್ಲೋ ವಾಯುಪಡೆಯಲ್ಲೋ ಇದ್ದವರು ದಯವಿಟ್ಟು ವಿವರಿಸುತ್ತೀರಾ? 'ವಿಂಗ್‌ಮ್ಯಾನ್'ಗೆ (ಪಕ್ಕದಲ್ಲೇ ಹಾರುತ್ತಾ ಕಾಯುವ ಜೊತೆಗಾರ ಪೈಲಟ್) ಒಳ್ಳೆ ಕನ್ನಡ ಪದ ಗೊತ್ತಿದ್ದರೆ ಅದನ್ನೂ ತಿಳಿಸಿ. ಶಿಕಾಗೋ ಕಡೆಯವರು ಏರ್‌ಪೋರ್ಟ್‌ನಲ್ಲಿ ಇಟ್ಟಿರುವ ವೈಲ್ಡ್‌ಕ್ಯಾಟ್ ವಿಮಾನದ ಫೋಟೋ ತೆಗೆದಿದ್ದರೆ ಇಲ್ಲೇ ಹಾಕಿ.